ಖರ್ಚಿನ ಕ್ರಮವೇ ವಿನ್ಯಾಸ: ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಕುಟುಂಬಗಳು ಮತ್ತು ಫ್ಲ್ಯಾಟಿನ ಒಳಾಂಗಣ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಪಟ್ಟಣಗಳಲ್ಲಿ ಇಂದಿಗೂ ಸ್ವಂತ ನಿವೇಶನದಲ್ಲಿ ಕಟ್ಟಿಸಿದ ಮನೆಯೇ ರೂಢಿ. ಆದರೂ ಈ ತಾಲ್ಲೂಕುಗಳ ಅನೇಕ ಕುಟುಂಬಗಳು ಊರಿನ ಹೊಲ, ಗದ್ದೆ, ತೋಟಗಳನ್ನು ಉಳಿಸಿಕೊಂಡೇ ಮಕ್ಕಳ ಓದಿಗೆ, ನೌಕರಿಗೆಂದು ದಾವಣಗೆರೆ, ಶಿವಮೊಗ್ಗ ಅಥವಾ ಬೆಂಗಳೂರಿನಲ್ಲಿ ಎರಡು ಮಲಗುವ ಕೋಣೆಗಳ ಫ್ಲ್ಯಾಟ್ ಕೊಳ್ಳುತ್ತವೆ. ನೋಂದಣಿ ಮುಗಿಯುವ ಹೊತ್ತಿಗೆ ಉಳಿತಾಯ ಬಹುಪಾಲು ಕರಗಿರುತ್ತದೆ. ಒಳಾಂಗಣಕ್ಕೆಂದು ಉಳಿಯುವ ಮಧ್ಯಮ ಮೊತ್ತವನ್ನು ಯಾವುದಕ್ಕೆ ಮೊದಲು ಹಾಕಬೇಕು ಎಂಬುದು ಈ ಲೇಖನದ ಪ್ರಶ್ನೆ. ರೂಢಿಯಲ್ಲಿ ಮೊದಲ ಪಾಲು ಟಿವಿಯ ಹಿಂದಿನ ಗೋಡೆಗೆ, ಫಾಲ್ಸ್ ಸೀಲಿಂಗಿಗೆ, ಸೋಫಾ ಸೆಟ್ಟಿಗೆ ಹೋಗುತ್ತದೆ. ದವಸ ಇಡುವ ಜಾಗ, ಅಡುಗೆ ಕಟ್ಟೆಯ ಎತ್ತರ, ನೆಂಟರು ಬಂದಾಗ ಹಾಸಿಗೆ ಹಾಸುವ ನೆಲ ಕೊನೆಗೆ ಬಿದ್ದುಹೋಗುತ್ತವೆ. ದುಬಾರಿ ಮನೆಯ ಒಳಾಂಗಣವನ್ನೇ ಅಗ್ಗದ ಸಾಮಗ್ರಿಯಲ್ಲಿ ನಕಲು ಮಾಡಿದರೆ ಸಮಸ್ಯೆ ಬಗೆಹರಿಯುವುದಿಲ್ಲ. ಮಧ್ಯಮ ವೆಚ್ಚದ ಮನೆಯಲ್ಲಿ ಖರ್ಚಿನ ಕ್ರಮವೇ ವಿನ್ಯಾಸವಾಗಬೇಕು, ಆ ಕ್ರಮವನ್ನು ಕುಟುಂಬದ ವರ್ಷದ ಬಾಳ್ವೆ ನಿರ್ಧರಿಸಬೇಕು ಎಂಬುದು ಇಲ್ಲಿನ ವಾದ.

ಮೊದಲು ಅಳತೆಯನ್ನು ನೋಡೋಣ. ಪ್ರಧಾನಮಂತ್ರಿ ಆವಾಸ್ ಯೋಜನೆ (ನಗರ) 2015ರಲ್ಲಿ ಆರಂಭವಾದಾಗ ಕಡಿಮೆ ಆದಾಯದ ವರ್ಗಕ್ಕೆ ನಿಗದಿಯಾದ ಕಾರ್ಪೆಟ್ ಏರಿಯಾ 60 ಚದರ ಮೀಟರ್‌ವರೆಗೆ, ಅಂದರೆ ಸುಮಾರು 645 ಚದರ ಅಡಿ. ಐದಾರು ಜನರ ಎಷ್ಟೋ ಕುಟುಂಬಗಳು ಇದಕ್ಕಿಂತ ತುಸು ಹೆಚ್ಚಿನ ಜಾಗದಲ್ಲೇ ಬದುಕುತ್ತವೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಮನೆಯಲ್ಲಿ ಎರಡು ಕೋಣೆಗಳಿದ್ದರೆ ಒಂದು ಕನಿಷ್ಠ 9.5 ಚದರ ಮೀಟರ್, ಇನ್ನೊಂದು ಕನಿಷ್ಠ 7.5 ಚದರ ಮೀಟರ್ ಇರಬೇಕು. ಚಿಕ್ಕದರ ಅಗಲ 2.1 ಮೀಟರಿಗೆ ಇಳಿಯಬಹುದು. ಈ ಚಿಕ್ಕ ಕೋಣೆಗೆ 1.8 ಮೀಟರ್ ಅಗಲ, 2 ಮೀಟರ್ ಉದ್ದದ ಜೋಡಿ ಮಂಚ ತಂದರೆ ನೆಲದ ಅರ್ಧದಷ್ಟನ್ನು ಅದೊಂದೇ ನುಂಗುತ್ತದೆ, ಪಕ್ಕದಲ್ಲಿ ಓಡಾಡಲು ಉಳಿಯುವುದು ಒಂದೇ ಅಡಿ. ಹಾಲ್‌ನ ಲೆಕ್ಕವೂ ಹೀಗೆಯೇ. 3 ಮೀಟರ್ ಅಗಲ, 4.2 ಮೀಟರ್ ಉದ್ದದ ಹಾಲ್‌ನಲ್ಲಿ ಮೂವರು ಕೂರುವ ಒಂದು ಸೋಫಾ, ಒಬ್ಬೊಬ್ಬರು ಕೂರುವ ಎರಡು, ಮಧ್ಯೆ ಟೀಪಾಯಿ ಇಟ್ಟರೆ ಸುಮಾರು 3.6 ಚದರ ಮೀಟರ್, ಅಂದರೆ ನೆಲದ ಕಾಲು ಭಾಗಕ್ಕಿಂತ ಹೆಚ್ಚು, ಹಗಲೂ ರಾತ್ರಿಯೂ ಸಿಕ್ಕಿಹಾಕಿಕೊಳ್ಳುತ್ತದೆ. ಫ್ಲ್ಯಾಟಿನ ಪ್ರತಿ ಚದರ ಅಡಿಗೂ ದುಡ್ಡು ತೆತ್ತ ಕುಟುಂಬ ಆ ಜಾಗವನ್ನು ಎರಡನೆಯ ಬಾರಿ ಕಳೆದುಕೊಳ್ಳುವುದು ಹೀಗೆ.

ಎರಡನೆಯ ಆಧಾರ ಕುಟುಂಬಗಳ ವರ್ಷಚಕ್ರದ್ದು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದ, ಜಗಳೂರು ಚಿತ್ರದುರ್ಗದಿಂದ ಬಂದು ಸೇರಿದವು. ಹೊನ್ನಾಳಿಯ ಭಾಗವಾಗಿದ್ದ ನ್ಯಾಮತಿ ಆಮೇಲೆ ಪ್ರತ್ಯೇಕ ತಾಲ್ಲೂಕಾಯಿತು. ಹಾಗಾಗಿ ಒಂದೇ ಜಿಲ್ಲೆಯೊಳಗೆ ಅರೆಮಲೆನಾಡೂ ಬಯಲುಸೀಮೆಯೂ ಇವೆ. ಚನ್ನಗಿರಿಯ ಅಡಿಕೆ, ಭದ್ರಾ ನಾಲೆಯ ಭತ್ತ, ನ್ಯಾಮತಿಯ ಮೆಕ್ಕೆಜೋಳ, ಜಗಳೂರಿನ ಶೇಂಗಾ, ರಾಗಿ, ಜೋಳಗಳಿಗೆ ಒಂದೊಂದಕ್ಕೂ ತನ್ನದೇ ಸುಗ್ಗಿಯಿದೆ. ಇದರಿಂದ ಎರಡು ಸಂಗತಿಗಳು ಹೊರಡುತ್ತವೆ. ಒಂದು, ಊರಿನಿಂದ ಫ್ಲ್ಯಾಟಿಗೆ ಅಕ್ಕಿ, ಜೋಳ, ಬೇಳೆ, ಮೆಣಸಿನಕಾಯಿಗಳು ಮೂಟೆಯಲ್ಲೇ ಬರುತ್ತವೆ. ವಾರಕ್ಕೊಮ್ಮೆ ಅಂಗಡಿಗೆ ಹೋಗುವ ಮನೆಗೆಂದು ರೂಪಿಸಿದ ಅಡುಗೆಮನೆಯ ಕಪಾಟುಗಳಿಗೆ ಅವು ಹಿಡಿಸುವುದಿಲ್ಲ. ಎರಡು, ಹಣವೂ ಮೂಟೆಯ ಹಾಗೆಯೇ, ಒಟ್ಟಿಗೆ ಬರುತ್ತದೆ. ಚನ್ನಗಿರಿಯ ತುಮ್ಕೋಸ್‌ನಂಥ ಸಹಕಾರ ಸಂಘಕ್ಕೆ ಅಡಿಕೆ ಹಾಕಿ ಒಳ್ಳೆಯ ಧಾರಣೆಗೆ ಕಾಯುವ ಬೆಳೆಗಾರನ ಕೈಗೆ ದುಡ್ಡು ತಿಂಗಳ ಸಂಬಳದಂತೆ ಸಮನಾಗಿ ಸೇರುವುದಿಲ್ಲ. ನೆಂಟರೂ ಕಾಲಕ್ಕೆ ತಕ್ಕಂತೆ ಬರುತ್ತಾರೆ: ಯುಗಾದಿಗೆ, ಊರ ಜಾತ್ರೆಯ ಆಸುಪಾಸಿನಲ್ಲಿ, ಆಸ್ಪತ್ರೆಯ ಕೆಲಸಕ್ಕೆ. ಈ ಏರಿಳಿತವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ವಿನ್ಯಾಸ ನೋಡಲು ಎಷ್ಟೇ ಅಂದವಾಗಿದ್ದರೂ ಇಂಥ ಕುಟುಂಬದ ಬಾಳಿಗೆ ಒದಗುವುದಿಲ್ಲ.

ಈ ಏರಿಳಿತವನ್ನು ಇಲ್ಲಿನ ಹಳೆಯ ಮನೆಗಳು ಚೆನ್ನಾಗಿ ಅರಿತಿದ್ದವು. ಜಗಳೂರು ಕಡೆಯ ದಪ್ಪ ಮಣ್ಣುಗೋಡೆಯ ಮಾಳಿಗೆ ಮನೆಯಲ್ಲೂ ಮಳೆ ಹೆಚ್ಚಿರುವ ಚನ್ನಗಿರಿ, ನ್ಯಾಮತಿ ಕಡೆಯ ಹಂಚಿನ ಮನೆಯಲ್ಲೂ ಸಂಗ್ರಹಕ್ಕೆ ಬೇಕಾದದ್ದು ಕಟ್ಟಡದೊಳಗೇ ಸೇರಿತ್ತು: ಗೋಡೆಯ ಗೂಡು, ನಾಗಂದಿಗೆ, ತಲೆಯ ಮೇಲಿನ ಅಟ್ಟ, ದವಸದ ಹಗೇವು. ನಡುಮನೆ ಬಹುಮಟ್ಟಿಗೆ ಬರಿದಾಗಿಯೇ ಇರುತ್ತಿತ್ತು. ಹಗಲು ಅಲ್ಲೇ ಕಾಳು ಹಸನು ಮಾಡುವುದು, ಮಧ್ಯಾಹ್ನ ಊಟದ ಪಂಕ್ತಿ, ರಾತ್ರಿ ಹಾಸಿಗೆ. ಕಟ್ಟುವಾಗಲೇ ಸ್ಥಿರವಾದದ್ದಕ್ಕೆ ಖರ್ಚು ಮಾಡಿ, ನೆಲವನ್ನು ಬದಲಾಗುವ ಬಳಕೆಗೆ ಬಿಟ್ಟುಕೊಡುವುದು ಆ ವ್ಯವಸ್ಥೆಯ ತಿರುಳು. ಇದನ್ನೇ ಫ್ಲ್ಯಾಟಿಗೆ ಒಗ್ಗಿಸಿದರೆ ಖರ್ಚು ಮೂರು ಹಂತಗಳಾಗುತ್ತದೆ. ಮೊದಲನೆಯದು ಆಮೇಲೆ ಒಡೆಯದೆ ಮಾಡಲಾಗದ ಕೆಲಸ: ವೈರಿಂಗ್, ನಲ್ಲಿ, ನೀರು ಬೀಳುವ ಜಾಗಗಳ ವಾಟರ್‌ಪ್ರೂಫಿಂಗ್, ಅಡುಗೆ ಕಟ್ಟೆ. ಎರಡನೆಯದು ಗೋಡೆಗಂಟಿದ ಸಂಗ್ರಹ: ಅಟ್ಟ, ಬೀರು, ಕೂರುವ ಕಟ್ಟೆ. ಮೂರನೆಯದು ಎತ್ತಿಡಬಹುದಾದ ಸಾಮಾನು ಮತ್ತು ಅಲಂಕಾರ. ಮೊದಲೆರಡು ಮುಗಿಯುವ ತನಕ ಮೂರನೆಯದಕ್ಕೆ ಕೈಹಾಕಬಾರದು.

ಎರಡನೆಯ ಹಂತದ ಒಂದು ಅಂಶವನ್ನು ಬಿಡಿಸಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಸೋಫಾ ಸೆಟ್ಟಿನ ಬದಲು ಹಾಲ್‌ನ ಒಂದು ಗೋಡೆಗುಂಟ 3 ಮೀಟರ್ ಉದ್ದ, 75 ಸೆಂಟಿಮೀಟರ್ ಅಗಲದ ಕಟ್ಟೆ ಮಾಡಿಸಿದರೆ ಅದು ಹಿಡಿಯುವ ನೆಲ 2.25 ಚದರ ಮೀಟರ್. ಅದರ ಮೇಲೆ ಐದು ಜನ ಕೂರಬಹುದು, ಒಬ್ಬರು ಮಲಗಬಹುದು. ಕೆಳಗೆ 40 ಸೆಂಟಿಮೀಟರ್ ಎತ್ತರ ಬಿಟ್ಟರೆ 0.9 ಘನ ಮೀಟರ್ ಸಂಗ್ರಹದ ಜಾಗ ಸಿಗುತ್ತದೆ. ಒಂದು ಕ್ವಿಂಟಲ್ ಅಕ್ಕಿಗೆ ಬೇಕಾದದ್ದು ಸುಮಾರು ಎಂಟನೆಯ ಒಂದು ಘನ ಮೀಟರ್. ಎರಡು ಕ್ವಿಂಟಲ್ ಅಕ್ಕಿಯನ್ನು ಮುಚ್ಚಳದ ಡಬ್ಬಗಳಲ್ಲಿ ಇಟ್ಟ ಮೇಲೂ ನೆಂಟರ ಹಾಸಿಗೆ, ಕಂಬಳಿಗಳಿಗೆ ಎಡೆ ಉಳಿಯುತ್ತದೆ. ಭಾರದ ಭಯವೂ ಬೇಡ. ವಾಸದ ಮನೆಯ ನೆಲ ಹೊರಬೇಕಾದ ಭಾರವನ್ನು ಭಾರತೀಯ ಮಾನಕ ಐಎಸ್ 875, ಚದರ ಮೀಟರಿಗೆ ಸುಮಾರು 200 ಕಿಲೋ ಎಂದು ಗೊತ್ತುಮಾಡಿದೆ. ಇಷ್ಟು ದವಸ ಕಟ್ಟೆಯ ಉದ್ದಕ್ಕೂ ಹರಡಿದಾಗ ಅದರ ಅರ್ಧವನ್ನೂ ಮುಟ್ಟುವುದಿಲ್ಲ. ಕಟ್ಟೆಯನ್ನು ಇಟ್ಟಿಗೆಯಲ್ಲಿ ಕಟ್ಟದೆ ಕಬ್ಬಿಣದ ಚೌಕಟ್ಟು, ಪ್ಲೈವುಡ್ ಹಲಗೆಯಲ್ಲಿ ಮಾಡಿಸಿದರೆ ಅದರ ಸ್ವಂತ ತೂಕವೂ ಹಗುರವಾಗುತ್ತದೆ.

ಅಡುಗೆಮನೆಯಲ್ಲಿ ಕ್ರಮದ ಪ್ರಶ್ನೆ ಇನ್ನೂ ತೀವ್ರವಾದದ್ದು. ಇಂದು ಮಾಡ್ಯುಲರ್ ಕಿಚನ್ ಎಂದು ಮಾರಾಟವಾಗುವುದರ ಮೂಲಮಾದರಿಗಳಲ್ಲಿ ಒಂದು 1926ರಲ್ಲಿ ಮಾರ್ಗರೆಟೆ ಶ್ಯೂಟೆ ಲಿಹೋಟ್ಸ್ಕಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಸಾರ್ವಜನಿಕ ವಸತಿಗಾಗಿ ರೂಪಿಸಿದ ಅಡುಗೆಮನೆ. ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದದ ಆ ಕೋಣೆ ಹುಟ್ಟಿದ್ದು ಕೆಲಸದ ಚಲನೆಗಳನ್ನು ಅಳೆದು ಕೂಡಿಸಿ. ಹೊಳಪು ಬಾಗಿಲುಗಳು ಆಮೇಲಿನ ವ್ಯಾಪಾರದ ಕೊಡುಗೆ. ನಾವು ಆ ಅಳೆಯುವ ಶಿಸ್ತನ್ನು ಬಿಟ್ಟು ಹೊಳಪನ್ನು ಮಾತ್ರ ಕೊಂಡಿದ್ದೇವೆ. ಭಾರತದ ವಯಸ್ಕ ಹೆಂಗಸರ ಸರಾಸರಿ ಎತ್ತರ ಸುಮಾರು 152 ಸೆಂಟಿಮೀಟರ್. ಅಮೆರಿಕದ ರೂಢಿಯ 91 ಸೆಂಟಿಮೀಟರ್ ಎತ್ತರದ ಕಟ್ಟೆಯ ಮುಂದೆ ನಿಂತು ಜೋಳದ ರೊಟ್ಟಿ ತಟ್ಟಿದರೆ ಭುಜ ಮೇಲೆದ್ದು, ಅಂಗೈಯ ಒತ್ತಡವೆಲ್ಲ ತೋಳಿನ ಮೇಲೆ ಬೀಳುತ್ತದೆ. ತಟ್ಟುವ, ಲಟ್ಟಿಸುವ ಜಾಗ ಮೊಣಕೈಗಿಂತ ಒಂದು ಗೇಣಿನಷ್ಟು ಕೆಳಗಿರಬೇಕು. ಪಾತ್ರೆ ತೊಳೆಯುವ ಸಿಂಕ್ ಅದಕ್ಕಿಂತ ತುಸು ಮೇಲಿರಬೇಕು, ಏಕೆಂದರೆ ಕೈ ಅದರ ತಳಕ್ಕೆ ಇಳಿಯುತ್ತದೆ. ಕಟ್ಟೆಯನ್ನು ಎರಡು ಮಟ್ಟದಲ್ಲಿ ಕಟ್ಟಿಸಲು ಹೆಚ್ಚೇನೂ ಖರ್ಚಿಲ್ಲ, ಆದರೆ ಗ್ರಾನೈಟ್ ಕೂರಿಸಿದ ಮೇಲೆ ಅದು ಆಗದ ಮಾತು. ಮೊದಲ ಹಂತದ ಕೆಲಸವೆಂದರೆ ಇದೇ.

ಸಾಮಗ್ರಿಯ ಆಯ್ಕೆಯಲ್ಲೂ ಎಲ್ಲ ಕಡೆ ಒಂದೇ ದರ್ಜೆ ಬಳಸುವುದು ಅಪವ್ಯಯ. ಸಿಂಕಿನ ಕೆಳಗೆ ಪಾರ್ಟಿಕಲ್ ಬೋರ್ಡ್ ನೀರು ಕುಡಿದು ಉಬ್ಬುತ್ತದೆ. ಅಲ್ಲಿ ಐಎಸ್ 710 ದರ್ಜೆಯ ಪ್ಲೈವುಡ್ ಅಥವಾ ಅದಕ್ಕಿಂತ ಅಗ್ಗವಾಗಿ ಕಡಪ ಕಲ್ಲಿನ ಹಲಗೆಗಳು ಸೂಕ್ತ. ಕಲ್ಲಿಗೆ ಗೆದ್ದಲು ಹತ್ತುವುದಿಲ್ಲ, ಒದ್ದೆಯ ಹೆದರಿಕೆಯಿಲ್ಲ. ಒಣಗಿದ ಕೋಣೆಯ ಬೀರುವಿಗೆ ಐಎಸ್ 303 ದರ್ಜೆ ಸಾಕು. ಗಡಸು ಬೋರ್‌ವೆಲ್ ನೀರಿರುವ ಕಡೆ ಗಾಜಿನ ಪರದೆ, ಕಪ್ಪು ಹೊಳಪಿನ ನಲ್ಲಿಗಳ ಮೇಲೆ ಬಿಳಿಕಲೆ ಕೂರುತ್ತದೆ. ಇನ್ನು ಫಾಲ್ಸ್ ಸೀಲಿಂಗ್. ಸಂಹಿತೆ ವಾಸದ ಕೋಣೆಗೆ ಕೇಳುವ ಕನಿಷ್ಠ ಎತ್ತರ 2.75 ಮೀಟರ್. ಅಷ್ಟೇ ಇರುವ ಕೋಣೆಯಲ್ಲಿ 15 ಸೆಂಟಿಮೀಟರ್ ಇಳಿಸಿ ಅದರ ಕೆಳಗೆ ಫ್ಯಾನ್ ತೂಗುಹಾಕಿದರೆ ಗಾಳಿಯಾಡುವ ಅವಕಾಶ ಕುಗ್ಗುತ್ತದೆ, ಮೇಲೆ ಅಟ್ಟಕ್ಕೆ ಬೇಕಾದ ಜಾಗವೂ ಹೋಗುತ್ತದೆ.

ಈ ವಾದಕ್ಕೆ ಬರಬಹುದಾದ ಗಂಭೀರ ಆಕ್ಷೇಪ, ಹಳೆಯ ಮನೆಯನ್ನು ಆದರ್ಶವಾಗಿಸುತ್ತಿದ್ದೇವೆ ಎಂಬುದು. ಆಕ್ಷೇಪದಲ್ಲಿ ಸತ್ಯವಿದೆ. ಆ ಮನೆಗಳ ಅಡುಗೆಕೋಣೆ ಕತ್ತಲೆಯದು, ಹೊಗೆಯದು. ಜಾತಿ ನೋಡಿ ಕೆಲವರನ್ನು ಜಗುಲಿಯಲ್ಲೇ ನಿಲ್ಲಿಸುತ್ತಿದ್ದರು. ಮುಟ್ಟಾದ ಹೆಂಗಸನ್ನು ಹೊರಗಿಡುತ್ತಿದ್ದರು. ಫ್ಲ್ಯಾಟ್ ಇವುಗಳಲ್ಲಿ ಹಲವನ್ನು ಅಳಿಸಿದೆ, ಅದು ನಿಜವಾದ ಗಳಿಕೆ. ಫ್ರಾಂಕ್‌ಫರ್ಟಿನ ಅಡುಗೆಮನೆಯ ಮೇಲೂ ಇಂಥದ್ದೇ ಟೀಕೆ ಬಂತು: ಒಬ್ಬಳೇ ಹೆಂಗಸು ಮನೆಮಂದಿಯಿಂದ ದೂರವಾಗಿ ದುಡಿಯುವಂತೆ ಅದು ರೂಪುಗೊಂಡಿತ್ತು. ಆದ್ದರಿಂದ ಎರಡರಿಂದಲೂ ಆರಿಸಿಯೇ ತೆಗೆದುಕೊಳ್ಳಬೇಕು. ಹಳೆಯ ಮನೆಯಿಂದ ಸಂಗ್ರಹದ ಜಾಣ್ಮೆ ಮತ್ತು ಬರಿದಾದ ನೆಲ, ಹೊಸದರಿಂದ ಬೆಳಕು, ಗಾಳಿ, ಅಳತೆ. ಜೊತೆಗೆ ಇಬ್ಬರು ಒಟ್ಟಿಗೆ ನಿಂತು ಅಡುಗೆ ಮಾಡುವಷ್ಟು ಅಗಲ. ಅಡುಗೆ ಕೆಲಸ ಗಂಡಸರಿಗೂ ಹಂಚಿಕೆಯಾಗಬೇಕಾದರೆ ಆ ಅಗಲ ಅಗತ್ಯ.

ಎರಡನೆಯ ಆಕ್ಷೇಪ ಸಾಮಾಜಿಕವಾದದ್ದು: ಹಾಲ್ ನಾಲ್ಕು ಜನ ನೋಡುವ ಜಾಗ, ಹೆಣ್ಣು ನೋಡಲು ಬಂದವರು ಮೊದಲು ಕೂರುವುದು ಅಲ್ಲೇ, ಅಲ್ಲಿ ಸೋಫಾ ಇಲ್ಲದಿದ್ದರೆ ಮರ್ಯಾದೆಯ ಪ್ರಶ್ನೆ. ಮರ್ಯಾದೆಯ ಆಸೆಯನ್ನು ಹಗುರವಾಗಿ ಕಾಣುವುದು ತಪ್ಪು. ಆದರೆ ಬಂದವರಿಗೆಲ್ಲ ಕೂರಲು ಜಾಗ, ಚೊಕ್ಕಟವಾದ ಗೋಡೆ, ಮೂಲೆಯಲ್ಲಿ ಮೂಟೆ ಬಿದ್ದಿರದ ನೆಲ ಇವೇ ಆತಿಥ್ಯದ ಘನತೆ ಕಾಯುತ್ತವೆ. ಒಳ್ಳೆಯ ಮೆತ್ತೆ, ಇಳಕಲ್ ಸೀರೆಯ ಬಟ್ಟೆ ಹೊದಿಸಿದ ದಿಂಬು ಇರುವ ಕಟ್ಟೆ ಅದನ್ನು ಪೂರೈಸುತ್ತದೆ. ಮೂರನೆಯ ಆಕ್ಷೇಪ, ಹಂತಹಂತವಾಗಿ ಮಾಡಿಸಿದರೆ ಕೂಲಿ, ಧೂಳು, ಓಡಾಟ ಹೆಚ್ಚು; ಕಂಪನಿಗೆ ವಹಿಸಿದರೆ ಒಂದೇ ಸಲ ಮುಗಿಯುತ್ತದೆ ಎಂಬುದು. ಗೋಡೆ ಕೊರೆಯುವ ಕೆಲಸಕ್ಕೆ ಈ ಮಾತು ಪೂರ್ತಿ ಒಪ್ಪುತ್ತದೆ, ಅದಕ್ಕೇ ಅದೆಲ್ಲ ಮೊದಲ ಹಂತದಲ್ಲಿದೆ. ಮಂಚ, ಮೇಜು, ಟಿವಿ ಗೋಡೆಗಳಿಗೆ ಈ ತರ್ಕ ಹೊಂದುವುದಿಲ್ಲ. ಗೃಹಸಾಲದ ಕಂತಿನ ಮೇಲೆ ಒಳಾಂಗಣದ ಸಾಲದ ಕಂತನ್ನೂ ಹೇರಿಕೊಂಡ ಕುಟುಂಬಕ್ಕೆ ಧಾರಣೆ ಕುಸಿದ ವರ್ಷ ಎರಡೂ ಹೊರೆಯಾಗುತ್ತವೆ. ಮುಂದಿನ ಸುಗ್ಗಿಗೆ ಕಾದರೆ ಬಡ್ಡಿಯೇ ಇರುವುದಿಲ್ಲ. ಫ್ಲ್ಯಾಟಿನ ತೆಳು ಗೋಡೆಯಲ್ಲಿ ಗೂಡು ಕೊರೆಯಲಾಗದು ಎಂಬುದೂ ಸರಿ. ಕಟ್ಟಡದ ಭದ್ರತೆಗೆ ಧಕ್ಕೆ ತರುವ ಕೆಲಸವನ್ನು 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯೂ ತಡೆಯುತ್ತದೆ. ಅದಕ್ಕಾಗಿಯೇ ಸಂಗ್ರಹವನ್ನು ಗೋಡೆಯೊಳಗೆ ಕೊರೆಯದೆ ಗೋಡೆಗೆ ಆನಿಸಿ, ನೆಲದಿಂದ ಚಾವಣಿಯವರೆಗೆ ಏರಿಸಬೇಕು.

ಹಾಗಾಗಿ ಬಡಗಿಯನ್ನು ಕರೆಸುವ ಮೊದಲು ಕುಟುಂಬ ಕೂತು ಬರೆದುಕೊಳ್ಳಬೇಕಾದದ್ದು ಬಣ್ಣದ ಪಟ್ಟಿಯಲ್ಲ: ವರ್ಷಕ್ಕೆ ಎಷ್ಟು ದವಸ ಬರುತ್ತದೆ, ಯಾವ ತಿಂಗಳು ಹಣ ಸೇರುತ್ತದೆ, ಎಷ್ಟು ನೆಂಟರು ಎಷ್ಟು ದಿನ ಉಳಿಯುತ್ತಾರೆ, ಅಡುಗೆ ಮಾಡುವವರ ಮೊಣಕೈ ನೆಲದಿಂದ ಎಷ್ಟು ಎತ್ತರದಲ್ಲಿದೆ. ಈ ನಾಲ್ಕು ಉತ್ತರಗಳು ಸಿಕ್ಕರೆ ನಕ್ಷೆಯ ಬಹುಪಾಲು ತಾನಾಗಿ ಮೂಡುತ್ತದೆ. ಜಿಲ್ಲೆಯ ನಿರ್ಮಿತಿ ಕೇಂದ್ರ, ಐಟಿಐಗಳ ಬಡಗಿ ತರಬೇತಿ, ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜುಗಳು ಇಂಥ ಕುಟುಂಬಗಳಿಗಾಗಿ ಅಳತೆಸಹಿತ ಮಾದರಿ ನಕ್ಷೆಗಳನ್ನು ಕನ್ನಡದಲ್ಲಿ ಸಿದ್ಧಪಡಿಸುವುದು ಕಷ್ಟದ ಕೆಲಸವೇನಲ್ಲ. ಬಂಗಲೆಗೆ ವಿನ್ಯಾಸಕಾರರು ಸಿಗುತ್ತಾರೆ. ಅರವತ್ತು ಚದರ ಮೀಟರಿನಲ್ಲಿ ಮೂರು ತಲೆಮಾರು ಬಾಳುವ ಮನೆಗೆ ಸಿಗುವುದಿಲ್ಲ. ವಿದ್ಯೆಯ ಅಗತ್ಯ ಹೆಚ್ಚಿರುವುದು ಅಲ್ಲಿಯೇ.