ಜರ್ಮನ್ ಜಿರಳೆ
ಅಡುಗೆಮನೆಯ ಸಣ್ಣ ಕಂದು ಜಿರಳೆ. ಶಾಸ್ತ್ರೀಯ ನಾಮ ಬ್ಲಾಟೆಲ್ಲಾ ಜರ್ಮೇನಿಕಾ. ಉದ್ದ 12-16 ಮಿ.ಮೀ.; ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. 1767ರಲ್ಲಿ ಜೀವವಿಜ್ಞಾನಿ ಲಿನೇಯಸ್ ಇಟ್ಟ ‘ಜರ್ಮೇನಿಕಾ’ ಎಂಬ ಹೆಸರು ದಾರಿ ತಪ್ಪಿಸುವಂಥದು: 2024ರಲ್ಲಿ ಪ್ರಕಟವಾದ ಜೀನೋಮ್ ಅಧ್ಯಯನದ ಪ್ರಕಾರ ಇದು ಸುಮಾರು 2,100 ವರ್ಷಗಳ ಹಿಂದೆ ಭಾರತ ಅಥವಾ ಮ್ಯಾನ್ಮಾರ್‌ನಲ್ಲಿ ಏಷ್ಯನ್ ಜಿರಳೆಯಿಂದ ಕವಲೊಡೆಯಿತು. ಹೆಣ್ಣು 30-40 ಮೊಟ್ಟೆಗಳ ಕೋಶವನ್ನು ಮರಿಯೊಡೆಯುವ ಹೊತ್ತಿನವರೆಗೂ ಮೈಗಂಟಿಸಿಕೊಂಡೇ ಓಡಾಡುತ್ತದೆ. ಹಗಲು ಸಿಂಕಿನ ಕೆಳಗೆ, ಫ್ರಿಜ್ಜಿನ ಹಿಂದೆ, ಬಿರುಕುಗಳಲ್ಲಿ ಅಡಗುತ್ತದೆ. ಹಿಕ್ಕೆಯ ವಾಸನೆಯೇ ಉಳಿದವನ್ನೂ ಅಲ್ಲಿಗೆ ಸೆಳೆಯುತ್ತದೆ. ಆ ಹಿಕ್ಕೆ, ಉದುರಿದ ಪೊರೆ ಆಸ್ತಮಾ ಕೆರಳಿಸಬಲ್ಲವು. ನಿಯಂತ್ರಣಕ್ಕೆ ಸ್ಪ್ರೇಗಿಂತ ಬಿರುಕುಗಳ ಬಳಿ ಚುಕ್ಕೆಯಾಗಿ ಇಡುವ ಜೆಲ್ ವಿಷ ಮೇಲು: ಅದನ್ನು ತಿಂದ ಜಿರಳೆಯ ಹಿಕ್ಕೆ ತಿಂದು ಮರಿಗಳೂ ಸಾಯುತ್ತವೆ. ಜೆಲ್ ಇಟ್ಟಲ್ಲಿ ಸ್ಪ್ರೇ ಹೊಡೆಯಬಾರದು. ರಾತ್ರಿ ಮುಸುರೆ ಪಾತ್ರೆ ಉಳಿಸದೆ, ಸಿಂಕನ್ನು ಒರೆಸಿ ಒಣಗಿಸಿಡಿ.