ದುರ್ವಿನೀತ: ಬೈಗುಳದಂತೆ ಕೇಳಿಸುವ ಒಂದು ಹೆಸರು

ಮಕ್ಕಳಿಗೆ ಹೆಸರಿಡುವಾಗ ತಂದೆತಾಯಿಯರು ಶುಭಾರ್ಥವನ್ನೇ ಅರಸುತ್ತಾರೆ. ವಿನಯ, ವಿನೀತ, ವಿನೀತಾ ಎಂಬ ಹೆಸರುಗಳನ್ನು ನನ್ನ ಹಾಜರಿ ಪುಸ್ತಕದಲ್ಲಿ ಎಷ್ಟೋ ಬಾರಿ ಕೂಗಿದ್ದೇನೆ. ‘ದುರ್ವಿನೀತ’ ಎಂಬ ಹುಡುಗ ಮಾತ್ರ ನನ್ನ ತರಗತಿಗೆ ಎಂದೂ ಬರಲಿಲ್ಲ. ಆದರೆ ಕ್ರಿ.ಶ. 6ನೆಯ ಶತಮಾನದಲ್ಲಿ ತಲಕಾಡಿನ ಗಂಗರ ಸಿಂಹಾಸನದ ಮೇಲೆ ಕುಳಿತಿದ್ದ ದೊರೆಯ ಹೆಸರೇ ಇದು. ಅವನ ತಂದೆ ಅವಿನೀತ, ಮಗ ಮುಷ್ಕರ. ವಿನಯವಿಲ್ಲದವನು, ಕೆಟ್ಟ ನಡತೆಯವನು, ಹಟಮಾರಿ! ಗಂಗರ ಪಾಠ ಮಾಡುವಾಗ ಈ ಮೂರು ತಲೆಮಾರನ್ನು ಹೇಳಿದೊಡನೆ ಮಕ್ಕಳು ಗೊಳ್ಳೆಂದು ನಗುತ್ತಿದ್ದರು.

ನಗು ಸಹಜವೇ. ‘ವಿನಯ’ ಎಂದರೆ ಇಂದು ನಾವು ತಿಳಿಯುವ ನಮ್ರತೆಯಷ್ಟೇ ಅಲ್ಲ. ತರಬೇತಿ, ಶಿಸ್ತು ಎಂಬುದು ಅದರ ಹಳೆಯ ಅರ್ಥ. ಕೌಟಿಲ್ಯನ ಅರ್ಥಶಾಸ್ತ್ರದ ಮೊದಲ ಅಧಿಕರಣವೇ ರಾಜನ ವಿನಯವನ್ನು ಕುರಿತದ್ದು. ಅವಿನಯದಿಂದ ವೇನ, ನಹುಷರಂತಹ ಅರಸರು ಕೆಟ್ಟರೆಂದು ಮನುಸ್ಮೃತಿ ಎಚ್ಚರಿಸುತ್ತದೆ. ಕಾಳಿದಾಸನ ದುಷ್ಯಂತನು ಶಕುಂತಲೆಯ ಎದುರು ಪ್ರವೇಶಿಸುವಾಗ, ದುರ್ವಿನೀತರನ್ನು ಶಿಕ್ಷಿಸುವುದೇ ಪೌರವ ರಾಜನ ಕೆಲಸವೆಂಬಂತೆ ಮಾತನಾಡುತ್ತಾನೆ. ಹೀಗಿರುವಾಗ ಅರಸುಕುವರನಿಗೇ ಆ ಹೆಸರೇಕೆ?

ಉತ್ತರದ ಎಳೆ ‘ದುಸ್’ ಎಂಬ ಉಪಸರ್ಗದಲ್ಲಿದೆ. ಅದಕ್ಕೆ ‘ಕೆಟ್ಟ’ ಎಂಬ ಅರ್ಥದಂತೆ ‘ಕಷ್ಟವಾದ’ ಎಂಬ ಅರ್ಥವೂ ಉಂಟು. ದುರ್ಜಯನೆಂದರೆ ಗೆಲ್ಲಲು ಕಷ್ಟವಾದವನು. ದುರ್ಯೋಧನನೆಂದರೆ ಎದುರಿಸಿ ಹೋರಾಡಲು ಕಷ್ಟವಾದವನು. ಅದೇ ಜಾಡಿನಲ್ಲಿ ದುರ್ವಿನೀತನೆಂದರೆ ಯಾರಿಂದಲೂ ಪಳಗಿಸಲಾಗದವನು, ಅವಿನೀತನೆಂದರೆ ಯಾರಿಗೂ ತಲೆಬಾಗದವನು ಎನ್ನಬಹುದು. ವ್ಯಾಕರಣದ ಕಟ್ಟುನಿಟ್ಟಿನಲ್ಲಿ ‘ವಿನೀತ’ ಎಂಬ ಕೃದಂತದ ಹಿಂದೆ ‘ದುಸ್’ ಬಂದಾಗ ‘ಸರಿಯಾಗಿ ತರಬೇತಾಗದವನು’ ಎಂಬ ಅರ್ಥವೇ ಮೊದಲು ಹೊಳೆಯುವುದು ನಿಜ. ಆದರೆ ಅಂಕೆಗೆ ಸಿಕ್ಕದ ಕುದುರೆಗೂ ಸಂಸ್ಕೃತದಲ್ಲಿ ಇದೇ ಪದವಿದೆ. ಕಾದಾಡುವ ಕುಲದವರಿಗೆ ಅದು ಬೈಗುಳವಾಗಿ ಕೇಳಿಸದೆ ಪೌರುಷವಾಗಿಯೇ ಕೇಳಿಸಿರಬೇಕೆಂದು ನನ್ನ ಭಾವನೆ. ಮೂರು ತಲೆಮಾರು ಬಿಡದೆ ಇಂಥದೇ ಹೆಸರು ಬಂದಿರುವುದು ಆಕಸ್ಮಿಕವೆಂದು ತೋರುವುದಿಲ್ಲ.

ಹೆಸರಿಗೆ ತಕ್ಕಂತೆ ಅವನು ಬಗ್ಗಲಿಲ್ಲ. ಸಿಂಹಾಸನವು ಬೇರೊಬ್ಬ ಮಗನಿಗೆ ಸಲ್ಲಲಿ ಎಂಬ ಒಲವು ಹಿರಿಯರಲ್ಲಿದ್ದರೂ ರಾಜ್ಯಲಕ್ಷ್ಮಿ ತಾನಾಗಿಯೇ ದುರ್ವಿನೀತನನ್ನು ವರಿಸಿದಳೆಂದು ಶಾಸನದ ಮಾತು. ಅಂದರಿ, ಆಲತ್ತೂರು ಮೊದಲಾದ ಕಾಳಗಗಳ ವಿಜಯವೂ ಅವನದೆಂದು ಶಾಸನಗಳು ಸಾರುತ್ತವೆ.

ಅಚ್ಚರಿ ಇರುವುದು ಇದರಾಚೆ. ಕೋಲಾರ ಜಿಲ್ಲೆಯ ಗುಮ್ಮರೆಡ್ಡಿಪುರದ ತಾಮ್ರಶಾಸನವು ಈತನನ್ನು ಗ್ರಂಥಕರ್ತನೆಂದು ಹೊಗಳುತ್ತದೆ. ಶಬ್ದಾವತಾರವೆಂಬ ವ್ಯಾಕರಣ ಗ್ರಂಥ, ಗುಣಾಢ್ಯನ ಪೈಶಾಚೀ ಬೃಹತ್ಕಥೆಯ ಸಂಸ್ಕೃತ ರೂಪ, ಭಾರವಿಯ ಕಿರಾತಾರ್ಜುನೀಯದ 15ನೆಯ ಸರ್ಗಕ್ಕೆ ಟೀಕೆ - ಇವು ಅವನ ಕೃತಿಗಳು. ಆ 15ನೆಯ ಸರ್ಗವೆಂದರೆ ಸಾಮಾನ್ಯವೇ? ಒಂದೇ ವ್ಯಂಜನದಿಂದ ಹೆಣೆದ ಶ್ಲೋಕ ಮೊದಲಾದ ಚಿತ್ರಕವಿತ್ವದಿಂದ ಪಂಡಿತರನ್ನೂ ಬೆವರಿಳಿಸುವ ಭಾಗವದು. 9ನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ಹಿಂದಿನ ಗದ್ಯಕಾರರನ್ನು ನೆನೆಯುವಾಗ ದುರ್ವಿನೀತನ ಹೆಸರನ್ನೂ ಹೇಳುತ್ತದೆ; ಅವನು ಈ ಗಂಗರಾಜನೇ ಎಂದು ಹಲವು ವಿದ್ವಾಂಸರು ಗುರುತಿಸಿದ್ದಾರೆ.

ದುರ್ದೈವವೆಂದರೆ ಈ ಕೃತಿಗಳಲ್ಲಿ ಒಂದೂ ನಮ್ಮ ಕೈಗೆ ಸಿಕ್ಕಿಲ್ಲ. ಓದು, ಶ್ರಮ, ಪಾಂಡಿತ್ಯವೆಲ್ಲ ಕಾಲನ ಪಾಲಾಗಿ, ಕೇಳಿದವರು ನಗುವ ಹೆಸರೊಂದೇ ಉಳಿದುಕೊಂಡಿತು. ಮೇಷ್ಟರಾದ ನಾವು ಕೊನೆಯ ಬೆಂಚಿನ ಹುಡುಗರಿಗೆ ‘ಅವಿಧೇಯ’, ‘ಉಡಾಳ’ ಎಂದು ಎಷ್ಟು ಸಲೀಸಾಗಿ ಹೆಸರಿಟ್ಟುಬಿಡುತ್ತೇವೆ! ಪಳಗದ ಆ ಕುದುರೆಗಳಲ್ಲಿ ಯಾವುದು ಮುಂದೊಂದು ದಿನ ಭಾರವಿಗೆ ಟೀಕೆ ಬರೆಯಬಲ್ಲದೋ ಬಲ್ಲವರಾರು? ಹೆಸರು ಕರೆಯುವವರದು, ಅದರ ಅರ್ಥವನ್ನು ಬರೆಯುವುದು ಹೊತ್ತವನ ಬದುಕು.