ಸವೆದ ಅಲಗಿನ ಚರಿತ್ರೆ: ಹುಲ್ಲು ಕೊಯ್ಲಿನ ಯಂತ್ರ ಮತ್ತು ದುರಸ್ತಿಯ ಪ್ರಶ್ನೆ

ಸವೆದ ಕೃಷಿಯಂತ್ರವನ್ನು ದುರಸ್ತಿ ಮಾಡಿಸಬೇಕೋ ಅಥವಾ ಗುಜರಿಗೆ ಹಾಕಿ ಹೊಸದನ್ನು ಕೊಳ್ಳಬೇಕೋ ಎಂಬ ಪ್ರಶ್ನೆ ರೈತನ ಅಂಗಳದಲ್ಲಿ ಏಳುತ್ತದೆಯಾದರೂ, ಅದರ ಉತ್ತರದ ಬಹುಭಾಗ ಆ ಯಂತ್ರದ ವಿನ್ಯಾಸದಲ್ಲಿಯೇ ನಿರ್ಧಾರವಾಗಿರುತ್ತದೆ. ಅಮೆರಿಕದ ಹುಲ್ಲು ಕೊಯ್ಲಿನ ಯಂತ್ರಗಳ ಚರಿತ್ರೆ ಇದನ್ನು ಸ್ಪಷ್ಟವಾಗಿ ತೋರಿಸುತ್ತದೆ. ಅಲ್ಲಿನ ಹೈನುಗಾರನಿಗೆ ಚಳಿಗಾಲದ ಮೇವೆಂದರೆ ಬೇಸಿಗೆಯಲ್ಲಿ ಕೊಯ್ದು ಬಿಸಿಲಿನಲ್ಲಿ ಒಣಗಿಸಿಟ್ಟ ಹುಲ್ಲು. ಮಳೆ ಬಿಡುವು ಕೊಡುವ ಕೆಲವೇ ದಿನಗಳಲ್ಲಿ ಕೊಯ್ಲು, ಒಣಗಿಸುವಿಕೆ, ಸಾಗಣೆ ಎಲ್ಲವೂ ಮುಗಿಯಬೇಕಾದುದರಿಂದ, ಆ ಹೊತ್ತಿನಲ್ಲಿ ಯಂತ್ರ ಕೆಟ್ಟು ನಿಂತರೆ ಆಗುವ ನಷ್ಟ ಯಂತ್ರದ ಬೆಲೆಯ ಲೆಕ್ಕಕ್ಕೆ ಸಿಗುವಂಥದ್ದಲ್ಲ.

ಯಂತ್ರಕ್ಕೆ ಮುಂಚೆ ಈ ಕೆಲಸ ನಡೆಯುತ್ತಿದ್ದುದು ಉದ್ದ ಹಿಡಿಯ ದೊಡ್ಡ ಕುಡುಗೋಲಿನಿಂದ. ಸುಗ್ಗಿಗೆ ಮುನ್ನ ಕುಲುಮೆಗೆ ಹೋಗಿ ಕುಡುಗೋಲಿಗೆ ಕಕ್ಕು ಹಾಕಿಸಿಕೊಂಡು, ಅದಕ್ಕೆ ಪ್ರತಿಯಾಗಿ ಕಣದಲ್ಲಿ ಕಾಳು ಅಳೆದುಕೊಡುತ್ತಿದ್ದ ಕನ್ನಡ ನಾಡಿನ ರೈತನಂತೆಯೇ ಅಲ್ಲಿನವನೂ ಒಂದೇ ಅಲಗನ್ನು ಮತ್ತೆ ಮತ್ತೆ ಹದಗೊಳಿಸಿ, ಅದು ಸವೆದು ತೆಳ್ಳಗಾಗುವವರೆಗೆ ಬಳಸುತ್ತಿದ್ದನು. ಈ ಸ್ಥಿತಿಯನ್ನು ಬದಲಿಸಿದವನು ಓಬೆಡ್ ಹಸ್ಸಿ. 1833ರ ಡಿಸೆಂಬರ್ 31ರಂದು ಅವನು ಪೇಟೆಂಟ್ ಪಡೆದ ಕೊಯ್ಲು ಯಂತ್ರದಲ್ಲಿ ತ್ರಿಕೋನಾಕಾರದ ಸಣ್ಣ ಅಲಗುಗಳನ್ನು ಒಂದು ಪಟ್ಟಿಯ ಮೇಲೆ ಸಾಲಾಗಿ ಜೋಡಿಸಲಾಗಿದ್ದು, ಆ ಪಟ್ಟಿ ಬೆರಳುಗಳಂತೆ ಮುಂಚಾಚಿದ ಸೀಳುಗಂಬಿಗಳ ನಡುವೆ ಅತ್ತಿಂದಿತ್ತ ಸರಿಯುತ್ತ, ಕತ್ತರಿಯ ರೀತಿಯಲ್ಲಿ ದಂಟನ್ನು ಕತ್ತರಿಸುತ್ತಿತ್ತು. ಮರುವರ್ಷ ಪೇಟೆಂಟ್ ಪಡೆದ ಸೈರಸ್ ಮೆಕಾರ್ಮಿಕ್ ವ್ಯಾಪಾರದಲ್ಲಿ ಹಸ್ಸಿಯನ್ನು ಹಿಂದೆ ಹಾಕಿದನೆಂಬುದು ನಿಜವಾದರೂ, ಹುಲ್ಲು ಕೊಯ್ಲಿನ ಮಟ್ಟಿಗೆ ಉಳಿದುಕೊಂಡದ್ದು ಹಸ್ಸಿಯ ಅಲಗುಪಟ್ಟಿಯೇ. 1847ರಲ್ಲಿ ಬಫಲೋ ನಗರದ ವಿಲಿಯಂ ಕೆಚಮ್ ಹುಲ್ಲಿಗೆಂದೇ ರೂಪಿಸಿದ ಯಂತ್ರಕ್ಕೆ ಪೇಟೆಂಟ್ ಪಡೆದನು.

ಈ ಅಲಗುಪಟ್ಟಿಯ ಹೆಚ್ಚುಗಾರಿಕೆ ಅದರ ಹರಿತಕ್ಕಿಂತ ಮಿಗಿಲಾಗಿ ಅದನ್ನು ಬಿಚ್ಚಿ ಜೋಡಿಸಬಹುದಾಗಿದ್ದುದರಲ್ಲಿ ಇದೆ. ಸಾಮಾನ್ಯವಾಗಿ ಮೂರು ಇಂಚು ಅಗಲದ ಪ್ರತಿಯೊಂದು ಅಲಗೂ ಎರಡು ರಿವೆಟ್‌ಗಳಿಂದ, ಅಂದರೆ ತಲೆ ಬಡಿದು ಕೂರಿಸಿದ ಮೊಳೆಗಳಿಂದ, ಪಟ್ಟಿಗೆ ಅಂಟಿಕೊಂಡಿರುತ್ತಿತ್ತು. ಕಲ್ಲಿಗೆ ತಗುಲಿ ಅಲಗೊಂದು ಮುರಿದರೆ, ಪಟ್ಟಿಯನ್ನು ಹೊರಗೆಳೆದು ಕಬ್ಬಿಣದ ಆಧಾರದ ಮೇಲಿಟ್ಟು, ಅಲಗಿನ ಹಿಂಬದಿಯ ಅಂಚಿಗೆ ಸುತ್ತಿಗೆಯಿಂದ ಬಲವಾಗಿ ಹೊಡೆದರೆ ರಿವೆಟ್‌ಗಳು ತುಂಡಾಗಿ ಬೀಳುತ್ತಿದ್ದವು. ಹೊಸ ಅಲಗನ್ನಿಟ್ಟು ಎರಡು ರಿವೆಟ್ ಬಡಿದರೆ ಕೆಲಸ ಮತ್ತೆ ಮುಂದುವರಿಯುತ್ತಿತ್ತು. ಚಕ್ರದ ಸುತ್ತುಚಲನೆಯನ್ನು ಪಟ್ಟಿಯ ಓಡಾಟವಾಗಿ ಪರಿವರ್ತಿಸುವ ಪಿಟ್‌ಮನ್ ಕೋಲನ್ನು ಬಹುಕಾಲ ಮರದಿಂದಲೇ ಮಾಡುತ್ತಿದ್ದುದರಿಂದ, ಪಟ್ಟಿ ಸಿಕ್ಕಿಕೊಂಡಾಗ ದುಬಾರಿ ಗೇರ್‌ಗಳಿಗೆ ಬದಲು ಅಗ್ಗದ ಆ ಕೋಲೇ ಮುರಿಯುತ್ತಿತ್ತು.

ಹೀಗೆ ಬಿಡಿಭಾಗ ಬದಲಿಸುವುದು ದುರಸ್ತಿಯೋ, ಪೇಟೆಂಟ್ ಇರುವ ಯಂತ್ರದ ಮರುನಿರ್ಮಾಣವೋ ಎಂಬ ವಿವಾದ ಅದೇ ಕಾಲದಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವನ್ನೂ ಮುಟ್ಟಿತು. 1850ರಲ್ಲಿ ತೀರ್ಮಾನವಾದ ವಿಲ್ಸನ್ ಮತ್ತು ಸಿಂಪ್ಸನ್ ನಡುವಿನ ಮೊಕದ್ದಮೆ ಹಲಗೆ ಹೆರೆಯುವ ಯಂತ್ರಕ್ಕೆ ಸಂಬಂಧಿಸಿದ್ದು: ಯಂತ್ರ ಹಲವು ವರ್ಷ ಬಾಳುತ್ತಿತ್ತು, ಅದರ ಅಲಗುಗಳು ಮಾತ್ರ ಅರವತ್ತು ತೊಂಬತ್ತು ದಿನಗಳಲ್ಲಿ ಸವೆಯುತ್ತಿದ್ದವು. ಬೇಗ ಸವೆಯುವ ಭಾಗವನ್ನು ಬದಲಿಸಿ ಯಂತ್ರವನ್ನು ಬಳಕೆಯಲ್ಲಿ ಇರಿಸಿಕೊಳ್ಳುವುದು ಕೊಂಡವನ ಹಕ್ಕು ಎಂದು ನ್ಯಾಯಾಲಯ ಹೇಳಿತು. ಹುಲ್ಲಿನ ಯಂತ್ರದ ಹೆಸರು ಆ ತೀರ್ಪಿನಲ್ಲಿ ಇಲ್ಲದಿದ್ದರೂ, ಅಲಗು ಕೊಳ್ಳಲು ಅಂಗಡಿಗೆ ಹೋದ ಪ್ರತಿಯೊಬ್ಬ ರೈತನಿಗೂ ಅದು ಸಲ್ಲುವಂಥದ್ದಾಗಿತ್ತು.

ಮುಂದಿನ ದೊಡ್ಡ ತಿರುವು ಸವಕಳಿಯಿಂದಲ್ಲ, ಎಳೆಯುವ ಶಕ್ತಿ ಬದಲಾದುದರಿಂದ ಬಂತು. ಕುದುರೆಯ ನಡಿಗೆಗೆ ಹೊಂದಿಸಿದ ಯಂತ್ರದ ಮೂಕಿಯನ್ನು ಕತ್ತರಿಸಿ ಟ್ರ್ಯಾಕ್ಟರಿಗೆ ಕಟ್ಟಿದವರು ಹಲವರು. ಆದರೆ ಅದರ ಅಲಗುಪಟ್ಟಿ ಓಡುತ್ತಿದ್ದುದು ನೆಲದ ಮೇಲೆ ಉರುಳುವ ಚಕ್ರಗಳ ಬಲದಿಂದಲಾದ ಕಾರಣ, ವೇಗ ಹೆಚ್ಚಿದಂತೆಲ್ಲ ಕೋಲುಗಳು ಮುರಿದು ಬೇರಿಂಗುಗಳು ಸವೆಯತೊಡಗಿದವು. 1918ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ ತನ್ನ 8-16 ಟ್ರ್ಯಾಕ್ಟರಿನಲ್ಲಿ ಪವರ್ ಟೇಕ್ ಆಫ್ ದಂಡವನ್ನು, ಅಂದರೆ ಎಂಜಿನ್ನಿನ ಶಕ್ತಿಯನ್ನು ನೇರವಾಗಿ ಉಪಕರಣಕ್ಕೆ ಒದಗಿಸುವ ತಿರುಗುದಂಡವನ್ನು ಒದಗಿಸಿತು. ಆ ವ್ಯವಸ್ಥೆ ಹಬ್ಬಿದ ಮೇಲೆ ಹಳೆಯ ಯಂತ್ರ ಎಷ್ಟೇ ಗಟ್ಟಿಯಾಗಿದ್ದರೂ ಹಿಂದೆ ಬಿದ್ದಿತು.

ಟ್ರ್ಯಾಕ್ಟರ್ ಯುಗದ ಅಲಗುಪಟ್ಟಿಯಲ್ಲಿ ದುರಸ್ತಿಯ ನಿರ್ಧಾರ ಇನ್ನಷ್ಟು ಸೂಕ್ಷ್ಮವಾಯಿತು. ಚಲಿಸುವಾಗ ಹುಲ್ಲಿನ ಒತ್ತಡಕ್ಕೆ ಪಟ್ಟಿಯ ಹೊರತುದಿ ಹಿಂದಕ್ಕೆ ಬಾಗುವುದರಿಂದ, ಅದನ್ನು ಮೊದಲೇ ಪ್ರತಿ ಅಡಿಗೆ ಸುಮಾರು ಕಾಲು ಇಂಚಿನಂತೆ ಮುಂದಕ್ಕೆ ಇರಿಸಬೇಕಾಗುತ್ತದೆ. ಕೀಲಿನ ಪಿನ್ ಮತ್ತು ಬುಷ್ ಸವೆದಾಗ ಈ ಮುಂಚಾಚು ಕಳೆದುಹೋಗಿ, ಹೊಸ ಅಲಗುಗಳನ್ನು ಹಾಕಿದರೂ ಕೊಯ್ಲು ಒರಟಾಗಿಯೇ ಉಳಿಯುತ್ತದೆ. ಆದ್ದರಿಂದ ಅನುಭವಿ ರೈತನು ಅಲಗಿಗಿಂತ ಮೊದಲು ಕೀಲನ್ನು ಪರೀಕ್ಷಿಸುತ್ತಿದ್ದನು. ಹಣ ವ್ಯರ್ಥವಾಗುತ್ತಿದ್ದುದು ಬಹುಮಟ್ಟಿಗೆ ಈ ಕ್ರಮವನ್ನು ತಿರುವುಮುರುವು ಮಾಡಿದವರದ್ದೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಉಕ್ಕು ಶಸ್ತ್ರಾಸ್ತ್ರಗಳ ಪಾಲಾಗಿ, ಹೊಸ ಕೃಷಿಯಂತ್ರಗಳ ತಯಾರಿಕೆಗೆ ಸರ್ಕಾರವೇ ಮಿತಿ ಹೇರಿದಾಗ, ಈ ಬಗೆಯ ತಿಳಿವಳಿಕೆ ಇದ್ದವರ ಹೊಲಗಳು ನಿಲ್ಲದೆ ನಡೆದವು.

1951ರಲ್ಲಿ ಅಲಬಾಮಾ ರಾಜ್ಯದ ಸೆಲ್ಮಾದಲ್ಲಿ ಆರಂಭವಾದ ಬುಷ್ ಹಾಗ್ ಸುತ್ತುಕತ್ತಿಯ ಯಂತ್ರ ಸವಕಳಿಯ ಲೆಕ್ಕವನ್ನೇ ಬದಲಿಸಿತು. ಇದರಲ್ಲಿ ಸಾಲು ಅಲಗುಗಳಿಲ್ಲ. ಉಕ್ಕಿನ ಹೊದಿಕೆಯ ಕೆಳಗೆ ಗೇರ್‌ಬಾಕ್ಸಿನಿಂದ ತಿರುಗುವ ದಪ್ಪ ಕತ್ತಿಗಳು ಕುರುಚಲು ಗಿಡವನ್ನೂ ಬಡಿದುಹಾಕುತ್ತವೆ. ಕತ್ತಿಗಳನ್ನು, ತೂಕ ತಪ್ಪದಂತೆ ಜೋಡಿಯಾಗಿ, ಬದಲಿಸುವುದು ಇಲ್ಲೂ ಸುಲಭ. ಹೊದಿಕೆ ತುಕ್ಕು ಹಿಡಿದು ತೂತಾದರೆ ಮೇಲೆ ತಗಡು ಬೆಸೆಯಬಹುದು. ಆದರೆ ಗೇರ್‌ಬಾಕ್ಸ್ ಕೂತಿರುವ ಜಾಗವೇ ಶಿಥಿಲವಾಗಿ ಅದರ ಕವಚ ಬಿರುಕು ಬಿಟ್ಟಿದ್ದರೆ, ಭಾಗಗಳ ಬೆಲೆ ಬೇಗನೆ ಹೊಸ ಯಂತ್ರದ ಬೆಲೆಯನ್ನು ಸಮೀಪಿಸುತ್ತದೆ.

ಇದಕ್ಕೆ ವಿರುದ್ಧವಾದ ದಾರಿ ಹಿಡಿದವರು ಕುದುರೆಯನ್ನು ಬಿಡದ ಆಮಿಷ್ ಸಮುದಾಯದವರು. ಗೇರ್‌ಗಳು ಮುಚ್ಚಿದ ಪೆಟ್ಟಿಗೆಯೊಳಗೆ ಎಣ್ಣೆಯಲ್ಲಿ ತಿರುಗುವ ಮೆಕಾರ್ಮಿಕ್ ಡೀರಿಂಗ್ ನಂಬರ್ 7 ಮತ್ತು ನಂಬರ್ 9 ಯಂತ್ರಗಳ ತಯಾರಿಕೆ ನಿಂತು ದಶಕಗಳೇ ಕಳೆದರೂ, ಅವರ ಕಾರ್ಯಾಗಾರಗಳು ಅವನ್ನು ಪೂರ್ತಿ ಬಿಚ್ಚಿ, ಸವೆದುದನ್ನು ಬದಲಿಸಿ, ಮತ್ತೆ ಹೊಲಕ್ಕೆ ಕಳಿಸುತ್ತಿವೆ. ದುರಸ್ತಿಯ ಹಕ್ಕಿಗಾಗಿ ಇತರ ರೈತರು ನಡೆಸುವ ಹೋರಾಟ ಈಗ ಟ್ರ್ಯಾಕ್ಟರಿನೊಳಗಿನ ಸಾಫ್ಟ್‌ವೇರ್‌ನ ಕಡೆಗೆ ತಿರುಗಿದೆ. 2023ರಲ್ಲಿ ಕೊಲರಾಡೋ ರಾಜ್ಯ ಅಂಗೀಕರಿಸಿ 2024ರ ಜನವರಿ 1ರಿಂದ ಜಾರಿಗೆ ತಂದ ಕಾನೂನಿನ ಪ್ರಕಾರ, ಕೃಷಿಯಂತ್ರಗಳ ತಯಾರಕರು ಬಿಡಿಭಾಗ, ಕೈಪಿಡಿ ಮತ್ತು ಸಾಫ್ಟ್‌ವೇರ್ ಸಾಧನಗಳನ್ನು ರೈತರಿಗೂ ಸ್ವತಂತ್ರ ಮೆಕ್ಯಾನಿಕ್‌ಗಳಿಗೂ ಒದಗಿಸಬೇಕು. ಸುತ್ತಿಗೆ ಮತ್ತು ಎರಡು ರಿವೆಟ್‌ಗಳಿದ್ದರೆ ಸಾಕಾಗಿದ್ದ ಕೆಲಸಕ್ಕೆ ಶಾಸನದ ಬೆಂಬಲ ಬೇಕಾದುದು ಈ ಯಂತ್ರಗಳ ಚರಿತ್ರೆಯಲ್ಲಿ ಹೊಸ ಸಂಗತಿ.